ಒಂದೊಂದು ಕೋಣೆಗೆ ಒಂದೊಂದು ಊರು

ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟ್ ಕೈಗೆ ಬಂದಾಗ ಎಲ್ಲ ಕೋಣೆಗಳೂ ಒಂದೇ ಥರ ಇರುತ್ತವೆ. ಅದೇ ತಿಳಿ ಕೆನೆ ಬಣ್ಣದ ಗೋಡೆ. ಅದೇ ಎರಡಡಿ ಅಗಲದ ವಿಟ್ರಿಫೈಡ್ ಟೈಲ್ಸ್. ಸೀಲಿಂಗಿನ ನಟ್ಟನಡುವೆ ಒಂದು ಲೈಟ್ ಪಾಯಿಂಟ್. ನಮ್ಮದೂ ಹಾಗೇ ಇತ್ತು. ಎರಡು ಬೆಡ್‌ರೂಮ್, ಒಂದು ಹಾಲ್, ಅಡುಗೆಮನೆ, ಪಶ್ಚಿಮಕ್ಕೆ ತೆರೆದುಕೊಂಡ ಬಾಲ್ಕನಿ. ಗಾಳಿ ಚೆನ್ನಾಗಿ ಬರುತ್ತಿತ್ತು, ಗಟ್ಟಿ ಕಟ್ಟಡ. ಆದರೆ ಇದು ನಮ್ಮ ಮನೆ ಅಂತ ಅನ್ನಿಸುತ್ತಿರಲಿಲ್ಲ. ಅನ್ನಿಸುವ ಹಾಗೆ ಮಾಡಬೇಕಿತ್ತು. ಅದಕ್ಕೆ ಐಡಿಯಾ ಎಲ್ಲಿಂದ ತರುವುದು?

ಎಲ್ಲರ ಹಾಗೆ ನಾನೂ ಫೋನಿನಲ್ಲಿ ಫೋಟೊ ಸೇವ್ ಮಾಡುತ್ತಾ ಹೋದೆ. ಹಾಲ್‌ಗೆ ಒಂದು ಫೋಲ್ಡರ್, ಅಡುಗೆಮನೆಗೆ ಒಂದು, ಮಕ್ಕಳ ಕೋಣೆಗೆ ಒಂದು. ಸಾಕಷ್ಟು ಸೇರಿದ ಮೇಲೆ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ನೋಡಿದೆವು. ಪ್ರತಿ ಫೋಟೊಗೂ ಒಂದೇ ಪ್ರಶ್ನೆ ಕೇಳಿಕೊಂಡೆವು: ಇದರಲ್ಲಿ ಹಿಡಿಸಿದ್ದು ಏನು? ಒಂದೇ ಪದದಲ್ಲಿ ಬರೆಯಬೇಕು ಅಂತ ಷರತ್ತು. ಆ ಪಟ್ಟಿಯಲ್ಲಿ ಸೋಫಾ, ಟಿ.ವಿ. ಯೂನಿಟ್, ವಾರ್ಡ್‌ರೋಬ್ ಹೆಚ್ಚಾಗಿ ಬರಲೇ ಇಲ್ಲ. ಬಂದದ್ದು ಬೆಳಕು, ನೆಲ, ಮರ, ಖಾಲಿ ಜಾಗ, ನೆರಳು. ಆ ಕಾಗದ ಇವತ್ತಿಗೂ ನನ್ನ ಹತ್ತಿರ ಇದೆ. ಮನೆ ಮಾಡಿಸುವವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಯಾವ ದುಡ್ಡೂ ಖರ್ಚಿಲ್ಲದ ಕೆಲಸ, ಉಪಯೋಗ ಮಾತ್ರ ತುಂಬ ಜಾಸ್ತಿ.

ಇನ್ನೊಂದು ವಿಷಯವೂ ಆಗಲೇ ಗಮನಕ್ಕೆ ಬಂತು. ಆ ಫೋಟೊಗಳಲ್ಲಿ ಬಹಳಷ್ಟು ಚಳಿ ದೇಶದ ಮನೆಗಳು. ಗೋಡೆಯಿಂದ ಗೋಡೆಗೆ ಕಾರ್ಪೆಟ್, ಬೆಂಕಿಗೂಡು, ಉಣ್ಣೆಯ ಹೊದಿಕೆ. ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು. ನೆಲದ ಮೇಲೆ ಕೂರುವವರು, ದಿನಾ ನೆಲ ಒರೆಸುವವರು, ಎರಡು ಹೊತ್ತು ಒಗ್ಗರಣೆ ಹಾಕುವವರು. ನಮ್ಮ ಬಿಸಿಲು, ನಮ್ಮ ಮಳೆಯಲ್ಲಿ ಜನ ಬದುಕಿದ ಕೋಣೆಗಳನ್ನೇ ಹೋಗಿ ನೋಡಬೇಕು ಅನ್ನಿಸಿತು. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು, ಮನೆಯವರ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಎರಡೂ ಕಡೆ ಹೇಗೂ ಹೋಗಿ ಬರುವುದು ಇದ್ದೇ ಇತ್ತು. ದಾರಿಯಲ್ಲಿ ಬೇರೆ ಊರುಗಳೂ ಸಿಗುತ್ತಿದ್ದವು. ನೋಡಿದ ಕೋಣೆಯಿಂದ ಒಂದೇ ಒಂದು ಗುಣ ತರೋಣ, ಇಡೀ ಕೋಣೆಯನ್ನು ಎತ್ತಿಕೊಂಡು ಬರುವುದು ಬೇಡ ಅಂತ ಮಾತಾಡಿಕೊಂಡೆವು.

ಹಾಲ್‌ಗೆ ದಾರಿ ತೋರಿಸಿದ್ದು ಮಣಿಪಾಲ.

ಅಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನು ನೀವು ನೋಡಿಲ್ಲ ಅಂದರೆ ಒಮ್ಮೆ ಹೋಗಲೇಬೇಕು. ಕೆಡವಿ ಹಾಕಲು ಹೊರಟಿದ್ದ ಹಳೆಯ ಮನೆಗಳನ್ನು ವಿಜಯನಾಥ ಶೆಣೈ ಅವರು ಬಿಚ್ಚಿಸಿ ತಂದು, ತೊಲೆಗೆ ತೊಲೆ ಸೇರಿಸಿ ಮತ್ತೆ ನಿಲ್ಲಿಸಿದ ಜಾಗ ಅದು. ಕುಂಜೂರು ಚೌಕಿ ಮನೆ, ಮಿಯಾರು ಮನೆ, ಕುಕನೂರಿನ ಕಮಲ ಮಹಲ್, ದಖ್ಖನಿ ನವಾಬ ಮಹಲ್, ಎಲ್ಲ ಒಂದೇ ಆವರಣದಲ್ಲಿವೆ. ಒಬ್ಬ ಮನುಷ್ಯ ಪಟ್ಟುಹಿಡಿದು ಇಷ್ಟನ್ನು ಉಳಿಸಿದರಲ್ಲ ಅಂತ ಅಲ್ಲಿ ನಡೆಯುವಾಗ ಮನಸ್ಸು ತುಂಬಿ ಬಂತು.

ಚೌಕಿ ಮನೆ ಅಂದರೆ ಗೊತ್ತಲ್ಲ, ನಡುವೆ ತೆರೆದ ಅಂಗಳ, ಸುತ್ತ ಜಗಲಿ, ಜಗಲಿಯ ಅಂಚಿಗೆ ಕಂಬಗಳು. ಬೆಳಕು ಆಕಾಶದಿಂದ ಅಂಗಳಕ್ಕೆ ಬೀಳುತ್ತೆ. ಅಲ್ಲಿಂದ ಜಗಲಿಗೆ ಹರಿಯುತ್ತೆ. ಒಳಗಿನ ಕೋಣೆಗೆ ಹೋಗುವಷ್ಟರಲ್ಲಿ ಮೆತ್ತಗಾಗಿರುತ್ತೆ. ಅಲ್ಲಿ ನಿಂತು ನೋಡಿದಾಗ, ಕೆತ್ತನೆ ಎಲ್ಲೆಲ್ಲಿ ಇಲ್ಲ ಅನ್ನುವುದೇ ನನ್ನ ಕಣ್ಣಿಗೆ ಮೊದಲು ಬಿತ್ತು. ಒಳಗಿನ ಗೋಡೆಗಳು ಬೋಳು. ಅಲಂಕಾರವೆಲ್ಲ ಕಂಬಕ್ಕೆ, ಕಂಬದ ತಲೆಯ ಬೋದಿಗೆಗೆ, ಬಾಗಿಲ ಚೌಕಟ್ಟಿಗೆ. ಅಂದರೆ ಬೆಳಕು ಬೀಳುವ ಅಂಚಿಗೆ. ಬೆಳಕು ಒಂದೇ ಪಕ್ಕದಿಂದ ಬರುವುದರಿಂದ ಕೆತ್ತನೆಯ ಕುಳಿಗಳಲ್ಲಿ ನೆರಳು ಕೂತು, ಒಂದೊಂದು ಎಸಳೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅದೇ ಕಂಬವನ್ನು ಮೇಲಿಂದ ಇಪ್ಪತ್ತು ಎಲ್‌ಇಡಿ ಉರಿಯುವ ಕೋಣೆಯಲ್ಲಿ ನಿಲ್ಲಿಸಿದರೆ ಬರೀ ಮರದ ದಿಮ್ಮಿ.

ಇದು ನನಗೆ ತುಂಬ ದೊಡ್ಡ ಪಾಠವಾಯಿತು. ಆ ಹೊತ್ತಿಗೆ ಒಬ್ಬ ಇಂಟೀರಿಯರ್ ಡಿಸೈನರ್ ನಮಗೆ ಪ್ಲಾನ್ ಹಾಕಿ ಕೊಟ್ಟಿದ್ದರು. ಹಾಲ್ ತುಂಬ ಫಾಲ್ಸ್ ಸೀಲಿಂಗ್, ಅದರೊಳಗೆ ಸಾಲು ಸಾಲು ಲೈಟು. ಅದನ್ನು ಬೇಡ ಅಂದೆವು. ನಮ್ಮ ಸೀಲಿಂಗ್ ಮೊದಲೇ ಅಷ್ಟೇನೂ ಎತ್ತರ ಇಲ್ಲ, ಅದರಲ್ಲಿ ಅರ್ಧ ಅಡಿ ಕಳೆದುಕೊಳ್ಳುವುದು ಯಾಕೆ? ಆ ದುಡ್ಡಿನಲ್ಲಿ ಕೆಳಗಿನ ಎತ್ತರದಲ್ಲಿ ಪಾಯಿಂಟ್‌ಗಳನ್ನು ಹಾಕಿಸಿದೆವು. ದಿವಾನದ ಪಕ್ಕ ಒಂದು, ಪುಸ್ತಕದ ಕಪಾಟಿನ ಹತ್ತಿರ ಒಂದು, ಬಾಗಿಲ ಬಳಿ ಒಂದು. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಅಂತ ಒಂದು ಅಂಕಿ ಇರುತ್ತೆ, ಅದನ್ನು ನೋಡಿ ತಗೊಳ್ಳಿ. 6500 ಅಂದರೆ ನೀಲಿ ಮಿಶ್ರಿತ ಬಿಳಿ, ಆಸ್ಪತ್ರೆ ಕಾರಿಡಾರಿನ ಬೆಳಕು. 2700ರಿಂದ 3000 ಅಂದರೆ ಹಳದಿ ಮಿಶ್ರಿತ ಬೆಚ್ಚನೆ ಬೆಳಕು. ಹಾಲ್‌ಗೂ ಮಲಗುವ ಕೋಣೆಗೂ ನಾವು ಎರಡನೆಯದನ್ನು ಹಾಕಿದೆವು. ಅಡುಗೆಮನೆಗೆ 4000. ತರಕಾರಿ ಹೆಚ್ಚುವಾಗ ಸೊಪ್ಪಿನ ಹಸಿರು ಸರಿಯಾಗಿ ಕಾಣಬೇಕು ಅಲ್ವಾ.

ಆಮೇಲೆ ಒಂದು ಹಳೆಯ ಕಂಬ ಬೇಕು ಅಂತ ಹುಡುಕಾಟ. ಮನೆ ಕೆಡವಿದ ಮರ ಮಾರುವ ಅಂಗಡಿಗಳಲ್ಲಿ ಸಿಗುತ್ತೆ. ಕೊಳ್ಳುವ ಮುಂಚೆ ಬೆರಳಿನ ಗೆಣ್ಣಿನಿಂದ ಉದ್ದಕ್ಕೂ ತಟ್ಟಿ ನೋಡಬೇಕು. ಟೊಳ್ಳು ಶಬ್ದ ಬಂದರೆ ಒಳಗೆ ಗೆದ್ದಲು ತಿಂದಿದೆ ಅಂತ. ಸಣ್ಣ ತೂತುಗಳ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಕಂಡರೆ ಹುಳು ಇನ್ನೂ ಜೀವಂತ ಇದೆ ಅಂತ. ನಮಗೆ ಸಿಕ್ಕಿದ್ದು ಎದೆಯೆತ್ತರದ ಒಂದು ತುಂಡು ಕಂಬ, ಕೆಳಗೆ ಚೌಕ, ಮೇಲೆ ಕಮಲದ ಎಸಳು. ಅದನ್ನು ಬಾಲ್ಕನಿ ಬಾಗಿಲಿನ ಪಕ್ಕ, ಸಂಜೆ ಬಿಸಿಲು ಓರೆಯಾಗಿ ಬೀಳುವ ಕಡೆ ನಿಲ್ಲಿಸಿದೆವು. ಎದುರಿನ ಉದ್ದ ಗೋಡೆಯನ್ನು ಪೂರ್ತಿ ಖಾಲಿ ಬಿಟ್ಟೆವು. ಬಂದವರು ಅಲ್ಲಿ ಏನಾದರೂ ಹಾಕಿ ಅಂತಾರೆ. ಖಾಲಿ ಗೋಡೆ ಇದ್ದರೇನೇ ಆ ಕಂಬಕ್ಕೆ ಬೆಲೆ ಅಂತ ನನಗೆ ಖಾತ್ರಿ ಇದೆ.

ನೆಲಕ್ಕೆ ನವಲಗುಂದದ ಜಮಖಾನ. ನಿಂತ ಮಗ್ಗದಲ್ಲಿ ಹೆಂಗಸರೇ ನೇಯುವ ದಪ್ಪ ಹತ್ತಿಯ ಹಾಸು. ನವಿಲು, ಪಗಡೆ ಹಾಸಿನ ವಿನ್ಯಾಸ ಅದರ ಗುರುತು. ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರದ ಗುರುತು ಇದೆ, ನೇಯುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಮಡಚಿ ಎತ್ತಿಡಬಹುದು, ಕೊಡವಿ ಬಿಸಿಲಿಗೆ ಹಾಕಬಹುದು. ಬೆಂಗಳೂರಿನ ಧೂಳಿಗೆ ಮೆಷಿನ್ ಕಾರ್ಪೆಟ್‌ಗಿಂತ ಎಷ್ಟೋ ವಾಸಿ. ಜಮಖಾನ ಬಂದ ಮೇಲೆ ಎಲ್ಲರೂ ನೆಲಕ್ಕೇ ಇಳಿದುಬಿಟ್ಟರು. ಹಾಗಾಗಿ ಗೋಡೆಯ ಚಿತ್ರಗಳನ್ನೂ ಇಳಿಸಬೇಕಾಯಿತು. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಇರುವ ಹಾಗೆ ತೂಗುಹಾಕುತ್ತಾರೆ. ಅದು ನಿಂತು ನೋಡುವವರ ಲೆಕ್ಕ. ಕೂತು ನೋಡುವ ಮನೆಗೆ ಆ ಅಳತೆ ಹೊಂದುವುದಿಲ್ಲ. ನಾನು ಜಮಖಾನದ ಮೇಲೆ ಕೂತೆ, ಮನೆಯವರು ಚಿತ್ರವನ್ನು ಗೋಡೆಗೆ ಹಿಡಿದು ಮೇಲೆ ಕೆಳಗೆ ಮಾಡಿದರು. ಕತ್ತು ಎತ್ತದೆ ಕಾಣುವ ಕಡೆ ಪೆನ್ಸಿಲ್ ಗುರುತು ಹಾಕಿ ಮೊಳೆ ಹೊಡೆದೆವು.

ಅಡುಗೆಮನೆಯ ವಿಷಯದಲ್ಲಿ ಫೋಟೊಗಳಿಂದ ಏನೂ ಸಿಗುವುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಅಡುಗೆ ಮಾಡುವವರನ್ನು ನೋಡಬೇಕು. ಗುಳೇದಗುಡ್ಡದಲ್ಲಿ ಅತ್ತೆ ರೊಟ್ಟಿ ಬಡಿಯುವುದನ್ನು ನಾನು ವರ್ಷಗಳಿಂದ ನೋಡಿದ್ದೆ. ಆ ಸಲ ಅಡುಗೆಮನೆ ಹೇಗಿರಬೇಕು ಅನ್ನುವ ಪ್ರಶ್ನೆ ಇಟ್ಟುಕೊಂಡು ನೋಡಿದೆ. ಅವರು ನೆಲದ ಮೇಲೆ, ಒಲೆಯ ಎಡಕ್ಕೆ ಕೂರುತ್ತಾರೆ. ಕುದಿಯುವ ನೀರಲ್ಲಿ ಕಲಸಿದ ಜೋಳದ ಹಿಟ್ಟು ಬಲಗೈ ಅಳತೆಯಲ್ಲಿ. ಮುಂದೆ ಹಲಗೆ. ಭುಜದ ಭಾರವೆಲ್ಲ ಅಂಗೈಗೆ ಇಳಿದು, ಹಿಟ್ಟು ತಟತಟ ಅಂತ ತಿರುಗುತ್ತಾ ಅಗಲವಾಗುತ್ತೆ. ಹಂಚಿಗೆ ಹಾಕಲು ಏಳುವ ಹಾಗಿಲ್ಲ, ಕೈ ಚಾಚಿದರೆ ಸಾಕು. ನಮ್ಮ ಮನೆಯಲ್ಲಿ ಕಟ್ಟೆಯ ಮೇಲೆ ನಿಂತು ಬಡಿಯಬಹುದಲ್ಲ ಅಂತ ಕೇಳಿದೆ. “ನಿಂತ ಬಡದ್ರ ತೋಳ ಸೋಲ್ತಾವ ನೋಡ. ಕುಂತ ಬಡೀಬೇಕ” ಅಂದರು.

ಹಾಗಾಗಿ ನಮ್ಮ ಮಾಡ್ಯುಲರ್ ಕಿಚನ್‌ನಲ್ಲಿ ಕಿಟಕಿಯ ಕೆಳಗೆ ಒಂದು ಮೂಲೆಯನ್ನು ಕ್ಯಾಬಿನೆಟ್ ಇಲ್ಲದೆ ಬಿಟ್ಟೆವು. ಅಲ್ಲಿ ತಗ್ಗಿನ ಕಡಪ ಕಲ್ಲಿನ ಕಟ್ಟೆ, ಪಕ್ಕದಲ್ಲಿ ಸಿಂಗಲ್ ಬರ್ನರ್ ಇಡುವಷ್ಟು ಜಾಗ, ಕೂರಲು ಮಣೆ. ಕೆಲಸದ ಹುಡುಗರಿಗೆ ಇದು ಯಾಕೆ ಅಂತ ಅರ್ಥವೇ ಆಗಲಿಲ್ಲ. ಅತ್ತೆ ಬಂದಾಗ ರೊಟ್ಟಿಗೆ, ಮಿಕ್ಕ ದಿನ ಕಾಯಿ ತುರಿಯಲು, ಸೊಪ್ಪು ಬಿಡಿಸಲು, ಮಕ್ಕಳು ಕೂತು ದೋಸೆ ತಿನ್ನಲು ಅದೇ ಜಾಗ. ಇಡೀ ಮನೆಯಲ್ಲಿ ಜಾಸ್ತಿ ಬಳಕೆಯಾಗುವ ಮೂಲೆ ಇದು.

ನಿಂತು ಕೆಲಸ ಮಾಡುವ ಕಟ್ಟೆಯ ಎತ್ತರವನ್ನೂ ಹಾಗೇ ಮೈ ಅಳತೆಯಿಂದ ತೆಗೆದೆವು. ಸಾಮಾನ್ಯವಾಗಿ 32ರಿಂದ 34 ಇಂಚಿಗೆ ಕಟ್ಟುತ್ತಾರೆ. ನೇರ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದರಿಂದ ನಾಲ್ಕು ಇಂಚಿನಷ್ಟು ಕಳೆಯಿರಿ. ತರಕಾರಿ ಹೆಚ್ಚಲು ಸುಮಾರಾಗಿ ಅದು ಸರಿಯಾದ ಎತ್ತರ. ಒಲೆಯ ಮೇಲೆ ಪಾತ್ರೆ ಕೂರುವುದರಿಂದ ಅಲ್ಲಿ ಇನ್ನೊಂದೆರಡು ಇಂಚು ತಗ್ಗಿದ್ದರೆ ಒಳ್ಳೆಯದು.

ತೆರೆದ ಶೆಲ್ಫ್ ಈಗಿನ ಫ್ಯಾಷನ್. ನನಗೂ ಇಷ್ಟ. ಆದರೆ ಒಗ್ಗರಣೆಯ ಎಣ್ಣೆ ಹೊಗೆ ಚಿಮಣಿ ಇದ್ದರೂ ಸುತ್ತ ಕೂರುತ್ತೆ, ಅದರ ಮೇಲೆ ಧೂಳು ಅಂಟುತ್ತೆ. ಒಲೆಯ ಸುತ್ತ ಎಲ್ಲಕ್ಕೂ ಬಾಗಿಲು ಹಾಕಿಸಿದೆವು. ದೂರದ ಗೋಡೆಯಲ್ಲಿ ಮಾತ್ರ ಎರಡು ತೆರೆದ ಹಲಗೆ, ಅದರಲ್ಲಿ ದಿನಾ ಕೈಗೆ ಬರುವ ಪಾತ್ರೆಗಳು. ದಿನಾ ತೊಳೆಯುವ ಪಾತ್ರೆಗೆ ಧೂಳು ಹಿಡಿಯಲು ಪುರುಸೊತ್ತೇ ಇರುವುದಿಲ್ಲ. ಅದರ ಕೆಳಗೆ ಅಮ್ಮನ ಮನೆಯಲ್ಲಿದ್ದಂಥದೇ ಸ್ಟೀಲಿನ ತಟ್ಟೆ ಸ್ಟ್ಯಾಂಡ್ ತಂದು ಗೋಡೆಗೆ ಹೊಡೆಸಿದೆ. ಬೆಳಗ್ಗೆ ಪೂರ್ವದ ಕಿಟಕಿಯ ಬಿಸಿಲು ತಟ್ಟೆಗಳ ಮೇಲೆ ಬಿದ್ದಾಗ ಎಷ್ಟು ಚೆಂದ ಅಂತೀರಿ! ಅಡುಗೆಮನೆಗೆ ಬೇರೆ ಅಲಂಕಾರ ಮಾಡಿಲ್ಲ.

ಗುಳೇದಗುಡ್ಡದಿಂದ ಬರುವಾಗ ಖಣವನ್ನೂ ತಂದಿದ್ದೆ. ಕುಪ್ಪಸಕ್ಕೆಂದು ನೇಯುವ ಬಟ್ಟೆ, ಅಗಲ ಕಡಿಮೆ, ಎರಡೂ ಕಡೆ ಅಂಚು, ನಡುವೆ ಒತ್ತೊತ್ತಾಗಿ ಸಣ್ಣ ಬುಟ್ಟಾ. ಪರದೆ ಹೊಲಿಸಿ ಅಂತ ಒಬ್ಬರು ಹೇಳಿದರು. ಕಿಟಕಿಯ ಬಿಸಿಲಿಗೆ ಅಷ್ಟು ಒಳ್ಳೆಯ ಬಣ್ಣವನ್ನು ಒಡ್ಡಲು ನನಗೆ ಮನಸ್ಸಾಗಲಿಲ್ಲ. ದಿಂಬಿನ ಕವರ್ ಮಾಡಿಸಿದೆ. ಅಗಲ ಕಡಿಮೆ ಇರುವುದರಿಂದ ಕತ್ತರಿಸುವ ಕೆಲಸವೂ ಕಡಿಮೆ, ಅಂಚನ್ನು ಹಾಗೇ ಉಳಿಸಿಕೊಳ್ಳಬಹುದು. ಗಾಢ ನೀಲಿಯ ಖಣ ಹಾಲಿನ ದಿವಾನಕ್ಕೆ, ಕುಂಕುಮ ಬಣ್ಣದ್ದು ಮಲಗುವ ಕೋಣೆಗೆ.

ಮಲಗುವ ಕೋಣೆಗೆ ಬಣ್ಣ ಎಲ್ಲಿಂದ ಅನ್ನುವುದಕ್ಕೆ ನಾನು ಜಾಸ್ತಿ ಯೋಚಿಸಲಿಲ್ಲ. ನಮ್ಮ ಸಾಗರದ ಕಡೆ ದೀವರ ಸಮುದಾಯದವರ ಮನೆಗಳಲ್ಲಿ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಅನ್ನುವ ಗಿಡದ ಬೀಜ. ಕುಂಚ ಪುಂಡಿ ನಾರಿನದು. ಚಿಕ್ಕವಳಿದ್ದಾಗ ನೆರೆಮನೆಯ ಮದುವೆಗೆ ಹೋದರೆ ನಾನು ಊಟಕ್ಕಿಂತ ಮೊದಲು ಆ ಗೋಡೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ.

ಈಗ ಚಿತ್ತಾರದ ವಿನ್ಯಾಸವನ್ನು ಸ್ಟಿಕರ್ ಮಾಡಿ ಮಾರುತ್ತಾರೆ. ನನಗೆ ಅದು ಬೇಡವಾಗಿತ್ತು. ಊರಿಗೆ ಹೋದಾಗ ಚಿತ್ತಾರ ಬರೆಯುವ ಒಬ್ಬ ಹೆಂಗಸನ್ನು ಕಂಡು, ಗೋಡೆಗೆ ತೂಗುಹಾಕುವ ಹಲಗೆಯ ಮೇಲೆ ಬರೆದು ಕೊಡಲು ಕೇಳಿಕೊಂಡೆ. ಅವರು ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ನಾರನ್ನು ಹಿಟ್ಟಿನ ನೀರಿಗೆ ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಹಲಗೆಗೆ ಮುಟ್ಟಿಸಿದರೆ ಗೆರೆ ಕೊನೆ ಮುಟ್ಟುವವರೆಗೂ ಕೈ ಎತ್ತುತ್ತಿರಲಿಲ್ಲ. ಹಸಿಯಿದ್ದಾಗ ಗೆರೆ ಕಾಣುವುದೇ ಇಲ್ಲ, ಬರೀ ನೀರಿನ ಗುರುತು. ಒಣಗುತ್ತಾ ಬಂದ ಹಾಗೆ ಕೆಂಪಿನ ಮೇಲೆ ಬಿಳಿ ಏಳುತ್ತೆ. ಅಂದರೆ ಬರೆಯುವಾಗ ಅವರಿಗೆ ತಮ್ಮ ಗೆರೆ ಪೂರ್ತಿ ಕಾಣುತ್ತಲೇ ಇರುವುದಿಲ್ಲ, ಕೈಗೇ ಗೊತ್ತಿರುತ್ತೆ. ಮದುಮಕ್ಕಳ ಜೋಡಿ, ಸುತ್ತ ಭತ್ತದ ತೆನೆ, ಅದರ ಸುತ್ತ ಎಳೆ ಎಳೆಯಾಗಿ ಚೌಕಟ್ಟು. ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡಬೇಡಿ ಅಂತ ನಿಮ್ಮನ್ನೂ ಕೇಳಿಕೊಳ್ಳುತ್ತೇನೆ. ಅಷ್ಟು ಹೊತ್ತಿನ ಕೆಲಸಕ್ಕೆ ಅದು ಕಡಿಮೆಯೇ.

ಹಲಗೆ ಬಂತು. ಅದಕ್ಕೆ ಒಪ್ಪುವ ಗೋಡೆ ಬೇಕಲ್ಲ. ಅಜ್ಜಿ ಮನೆಯಲ್ಲಿ ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣು, ಮೇಲೆ ಸುಣ್ಣ. ಒರಗಿ ಕೂರುವವರ ತಲೆಯೆಣ್ಣೆ, ಬೆನ್ನಿನ ಬೆವರು ತಾಗುವ ಎತ್ತರದವರೆಗೆ ಕೆಂಪು. ಎಷ್ಟು ಬುದ್ಧಿವಂತಿಕೆ ನೋಡಿ. ಮಂಚದ ಹಿಂದಿನ ಗೋಡೆಗೆ ಅದನ್ನೇ ಮಾಡಿಸಲು ಹೊರಟೆ. ಬಣ್ಣದ ಅಂಗಡಿಯ ಶೇಡ್ ಕಾರ್ಡಿನಲ್ಲಿ ಇಟ್ಟಿಗೆ ಕೆಂಪು ಅನ್ನುವಂಥವೇ ಹತ್ತಾರು. ಬೆರಳಗಲದ ಚೌಕ ನೋಡಿ ಗೋಡೆಯನ್ನು ತೀರ್ಮಾನಿಸಲು ಆಗುವುದಿಲ್ಲ. ಸಣ್ಣ ಡಬ್ಬಿಗಳಲ್ಲಿ ಬಣ್ಣ ತಂದು, ದೊಡ್ಡ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಬಳಿದು, ಸುತ್ತ ಎರಡಿಂಚು ಬಿಳಿ ಅಂಚು ಬಿಟ್ಟೆ. ಆ ಬಿಳಿ ಅಂಚು ಮುಖ್ಯ. ಹಳೇ ಗೋಡೆಯ ಬಣ್ಣ ಪಕ್ಕದಲ್ಲೇ ಇದ್ದರೆ ಕಣ್ಣಿಗೆ ಹೊಸ ಬಣ್ಣದ ಅಂದಾಜು ತಪ್ಪುತ್ತೆ. ಶೀಟನ್ನು ಟೇಪಿನಿಂದ ಅಂಟಿಸಿ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಲೈಟು ಹಾಕಿದಾಗ ನೋಡಿದೆ. ಮಳೆಯ ಮೋಡ ಕವಿದ ದಿನವೂ ನೋಡಿದೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಂಡ ಕೆಂಪು ರಾತ್ರಿ ಕಂದು ಬಣ್ಣಕ್ಕೆ ತಿರುಗಿತು. ತುಸು ಕಿತ್ತಳೆಯಾಯಿತು ಅಂದುಕೊಂಡಿದ್ದದ್ದು ಗೋಡೆಯ ಮೇಲೆ ಹಸಿ ಮಣ್ಣಿನ ಹಾಗೆ ಸರಿಯಾಗಿ ಕೂತಿತು. ಅದನ್ನೇ ಆರಿಸಿದೆವು, ಮೂರೂವರೆ ಅಡಿ ಎತ್ತರಕ್ಕೆ. ಮೇಲೆ ಸುಣ್ಣದ ಬಿಳಿಗೆ ಹತ್ತಿರದ ಬಿಳಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದರ ಜೊತೆ ಇನ್ನೊಂದು ಮಾತು. ನಿಮ್ಮ ಕೋಣೆಗೆ ಬರುವ ಬೆಳಕು ಬರೀ ಸೂರ್ಯನದಲ್ಲ, ಎದುರಿನ ಕಟ್ಟಡದ್ದೂ ಹೌದು. ನಮ್ಮ ಹಾಲ್ ಎದುರಿನ ಬಿಲ್ಡಿಂಗ್‌ಗೆ ಕಿತ್ತಳೆ ಬಣ್ಣ ಹೊಡೆದಿದ್ದಾರೆ. ಬೆಳಗಿನ ಬಿಸಿಲು ಅದಕ್ಕೆ ಬಡಿದು ನಮ್ಮೊಳಗೆ ಬರುತ್ತೆ. ತಿಳಿ ಹಸಿರಿನ ಶೀಟ್ ಅಂಟಿಸಿದ್ದರೆ ಬೆಳಗ್ಗೆ ಎಂಟಕ್ಕೆ ಅದು ಮಾಸಿದ ಬೂದಿಯಾಗಿ ಕಾಣುತ್ತಿತ್ತು. ಎದುರಿಗೆ ಮರ ಇದ್ದರೆ ಬಿಳಿ ಗೋಡೆಗೂ ಹಸಿರು ಛಾಯೆ ಬರುತ್ತೆ. ಅದಕ್ಕೇ ಬೇರೆಯವರ ಮನೆಯಲ್ಲಿ ಚೆನ್ನಾಗಿ ಕಂಡ ಬಣ್ಣದ ಕೋಡ್ ನಂಬರ್ ಬರೆದುಕೊಂಡು ಬಂದು ಸುಮ್ನೆ ಬಳಿಸುವುದು ಬೇಡ. ಶೀಟ್ ಮಾಡಿ ನಿಮ್ಮ ಗೋಡೆಯ ಮೇಲೆ ನೋಡಿ.

ಮಕ್ಕಳ ಕೋಣೆಗೆ ನಾವು ದೊಡ್ಡದೇನೂ ಮಾಡಲಿಲ್ಲ. ಕಾರ್ಟೂನ್ ಗೋಡೆ, ಕಾರಿನ ಆಕಾರದ ಮಂಚ ಎಲ್ಲ ಮಕ್ಕಳು ಬೆಳೆದಂತೆ ಬೇಡವಾಗುತ್ತವೆ. ಸಾದಾ ಪ್ಲೈವುಡ್ ವಾರ್ಡ್‌ರೋಬ್, ಸಾದಾ ಮೇಜು. ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದೆವು. ಅಲ್ಲಿ ಗೊಂಬೆ ಮಾತ್ರ ಅಲ್ಲ, ಕಪಾಟಿನ ಹಿಡಿ, ಪರದೆಯ ಬಳೆ, ಬಟ್ಟೆ ತೂಗುಹಾಕುವ ಗೂಟ ಎಲ್ಲ ಮಾಡಿಕೊಡುತ್ತಾರೆ. ಹಾಲೆ ಮರದ ತುಂಡು ಲೇತ್‌ನಲ್ಲಿ ತಿರುಗುತ್ತಿರುವಾಗ ಅರಗಿನ ಬಣ್ಣದ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ನನ್ನ ಮಗಳು ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಯಾವ ಹಿಡಿಗೆ ಯಾವ ಬಣ್ಣ ಅಂತ ಅವಳೇ ಹೇಳಿದಳು, ಅವರು ಹಾಗೇ ಮಾಡಿಕೊಟ್ಟರು. ಪ್ಲೈವುಡ್ ವಾರ್ಡ್‌ರೋಬಿಗೆ ಅಷ್ಟೇ ಸಾಕಾಯಿತು. ಬೇಡ ಅನ್ನಿಸಿದ ದಿನ ಸ್ಕ್ರೂ ಬಿಚ್ಚಿ ಬೇರೆ ಹಾಕಬಹುದು. ಇಡೀ ಗೋಡೆಗೆ ಒಂದು ಎತ್ತರದಲ್ಲಿ, ಅವಳ ಕೈಗೆ ಎಟುಕುವ ಹಾಗೆ ಗೂಟಗಳ ಸಾಲು ಹಾಕಿಸಿದ್ದರಿಂದ ಸ್ಕೂಲ್ ಬ್ಯಾಗು ಈಗ ನೆಲದ ಮೇಲೆ ಇರುವುದಿಲ್ಲ.

ದೇವರ ಮನೆಗೆ ಬೇರೆ ಕೋಣೆ ಇಲ್ಲ. ಊರ ಮನೆಗಳಲ್ಲಿ ದೀಪ ಇಡಲು ಗೋಡೆಯಲ್ಲೇ ಗೂಡು ಇರುತ್ತಿತ್ತಲ್ಲ, ಹಾಗೆ ಅಡುಗೆಮನೆಯ ಪಕ್ಕದ ಗೋಡೆಯ ದಪ್ಪದಲ್ಲಿ ಸಿಕ್ಕ ಶೆಲ್ಫ್ ಜಾಗವನ್ನೇ ಗೂಡು ಮಾಡಿದೆವು. ಒಳಗೆ ಕಪ್ಪು ಕಲ್ಲು, ದೀಪದ ಮಸಿ ಕಾಣುವುದಿಲ್ಲ. ಬಾತ್‌ರೂಮಿನ ಬಗ್ಗೆ ಹೇಳುವಂಥದ್ದು ಏನಿಲ್ಲ. ಜಾರದ ನೆಲ, ಒಳ್ಳೆಯ ಗಾಳಿ, ಒಂದು ಕೊಕ್ಕೆ ಜಾಸ್ತಿ.

ಉಳಿದದ್ದು ನೆಲದ ಆಸೆ. ಅಜ್ಜಿ ಮನೆಯ ರೆಡ್ ಆಕ್ಸೈಡ್ ನೆಲ ನನಗೆ ಇಂದಿಗೂ ಕಾಲಿನ ನೆನಪು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಚಾಪೆ ಇಲ್ಲದೆ ಮಲಗುತ್ತಿದ್ದೆವು. ಫ್ಲ್ಯಾಟಿಗೆ ಹಾಕಿಸಬಹುದಾ ಅಂತ ಒಬ್ಬ ಅನುಭವಿ ಗಾರೆ ಮೇಸ್ತ್ರಿಯನ್ನು ಕರೆದು ಕೇಳಿದೆ. ಸಿಮೆಂಟಿಗೆ ಆಕ್ಸೈಡ್ ಬೆರೆಸಿ, ಒಂದು ಕೋಣೆಯನ್ನು ಒಂದೇ ಸಲ ಮುಗಿಸಬೇಕು. ಅರ್ಧಕ್ಕೆ ನಿಲ್ಲಿಸಿದರೆ ಸೇರಿದ ಗೆರೆ ಕಾಣುತ್ತೆ. ಕರಣೆಯಿಂದ ಮತ್ತೆ ಮತ್ತೆ ಉಜ್ಜಿ ನಯ ಮಾಡಬೇಕು, ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಬೇಕು. ಇರುವ ಟೈಲ್ಸ್ ಕಿತ್ತು, ಹತ್ತಿರದಲ್ಲೇ ಬೇರೆ ಮನೆಗಳಿರುವ ಮಹಡಿಯಲ್ಲಿ ಅಷ್ಟು ನೀರು ನಿಲ್ಲಿಸುವುದು ಬೇಡ ಅಂತ ಅವರೇ ಹೇಳಿದರು. ನಾನೂ ಒಪ್ಪಿದೆ. ಬಾಲ್ಕನಿಯಲ್ಲಿ ಮಾತ್ರ ಆತಂಗುಡಿ ಟೈಲ್ಸ್ ಹಾಕಿಸೋಣ ಅಂತಾಯಿತು.

ತಮಿಳುನಾಡಿನ ಕಾರೈಕುಡಿ ಹತ್ತಿರದ ಆತಂಗುಡಿಯಲ್ಲಿ, ಚೆಟ್ಟಿನಾಡಿನ ದೊಡ್ಡ ಮನೆಗಳಿಗೆಂದು ಬೆಳೆದ ಕೆಲಸ ಅದು. ಗಾಜಿನ ಹಲಗೆಯ ಮೇಲೆ ಚೌಕಟ್ಟಿಟ್ಟು, ಬಣ್ಣ ಬೆರೆಸಿದ ಸಿಮೆಂಟನ್ನು ವಿನ್ಯಾಸದ ಅಚ್ಚಿಗೆ ಸುರಿಯುತ್ತಾರೆ. ಮೇಲೆ ಮರಳು, ಸಿಮೆಂಟು ತುಂಬಿ ಒತ್ತುತ್ತಾರೆ. ಒಣಗಿಸಿ, ನೀರಿನ ತೊಟ್ಟಿಯಲ್ಲಿ ನೆನೆಸಿ ಎತ್ತುತ್ತಾರೆ. ಬೆಂಕಿಗೆ ಇಡುವುದೇ ಇಲ್ಲ. ಗಾಜಿಗೆ ಅಂಟಿಕೊಂಡಿದ್ದ ಮುಖ ಗಾಜಿನಷ್ಟೇ ನಯವಾಗಿ ಬರುತ್ತೆ. ಕೈಕೆಲಸ ಆದ್ದರಿಂದ ಒಂದು ಇನ್ನೊಂದರ ಪಡಿಯಚ್ಚಲ್ಲ, ಹೂವಿನ ಅಂಚು ಅಲ್ಲಲ್ಲಿ ಸ್ವಲ್ಪ ಹರಡಿರುತ್ತೆ. ಜೋಡಿಸುವಾಗ ನಾನು ಎಲ್ಲವನ್ನೂ ಮೊದಲು ನೆಲದ ಮೇಲೆ ಹರವಿಸಿ, ಬಣ್ಣ ಗಾಢ ಇರುವವನ್ನು ಗೋಡೆಯ ಬದಿಗೆ, ತಿಳಿ ಇರುವವನ್ನು ನಡುವೆ ಬರುವ ಹಾಗೆ ಇಡಿಸಿದೆ.

ಹಾಕಿದ ಮೇಸ್ತ್ರಿ ಹೋಗುವಾಗ ಗಟ್ಟಿಯಾಗಿ ಹೇಳಿ ಹೋದರು: ಆಸಿಡ್ ಮುಟ್ಟಿಸಬೇಡಿ, ಫಿನಾಯಿಲ್ ಬೇಡ, ಬರೀ ನೀರು. ವಾರಕ್ಕೊಮ್ಮೆ ಒರೆಸುವ ನೀರಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ. ನಡೆದಷ್ಟೂ ಹೊಳಪು ಬರುತ್ತೆ. ಮಳೆ ಹೊಡೆಯುವ ಅಂಚಿನಲ್ಲಿ ಬಿಳಿ ಉಪ್ಪು ಏಳುವುದು ಕಂಡರೆ ಗಾಬರಿಯಾಗಬೇಡಿ, ಒಣ ಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ. ನಮ್ಮ ಕಡೆ ಮೊದಲ ಮಳೆಗಾಲದಲ್ಲಿ ಉಪ್ಪು ಎದ್ದಿತ್ತು. ಅವರು ಹೇಳಿದ ಹಾಗೆ ಉಜ್ಜಿದೆವು, ಹೋಯಿತು. ಈ ವರ್ಷ ಇನ್ನೂ ಎದ್ದಿಲ್ಲ.